ಸಂತೋಷ ಊರಲ್ಲಿ ಕಾಯುತ್ತಿದೆಯೇ?

(ವಾದಿ ಕಬೀರಿನಲ್ಲಿ ನಡೆದ ವೇದಿಕೆಯ ಶುಕ್ರವಾರದ ಕೂಟದಲ್ಲಿ ಆಡಿದ ಮಾತಿನ ಬರಹರೂಪ)



ನನಗೆ ಕೊಟ್ಟ ವಿಷಯ ಸಂತೋಷ. ವಾರವಿಡೀ ದುಡಿದು, ರಜೆಯ ದಿನ ಬೆಳಿಗ್ಗೆ ಬಟ್ಟೆ ಒಗೆದು, ಮಧ್ಯಾಹ್ನ ಊರಿಗೆ ಫೋನ್ ಮಾಡಿ, ಅಲ್ಲಿಯ ಎರಡು ತಾಪತ್ರಯ ಕೇಳಿಸಿಕೊಂಡು ಬಂದು ಕೂತವರ ಮುಂದೆ ಸಂತೋಷದ ಬಗ್ಗೆ ಮಾತಾಡೋದು ಅಂದರೆ ಸ್ವಲ್ಪ ಧೈರ್ಯವೇ ಬೇಕು. ಉಪದೇಶ ಮಾಡೋದಿಲ್ಲ, ಹೆದರಬೇಡಿ. ಸಾವಿರ ವರ್ಷದ ಹಿಂದೆ ಅರಬಿ, ಫಾರಸಿಯಲ್ಲಿ ಬರೆದ ನಾಲ್ಕೈದು ಜನ ಚಿಂತಕರನ್ನೂ, ನಮ್ಮ ಕಾಲದ ಕೆಲವು ಮನಃಶಾಸ್ತ್ರಜ್ಞರನ್ನೂ ಒಟ್ಟಿಗೆ ಕೂರಿಸಿ, ನಮ್ಮದೊಂದು ಅಭ್ಯಾಸದ ಬಗ್ಗೆ ಅವರು ಏನು ಹೇಳುತ್ತಿದ್ದರು ಅಂತ ನೋಡೋಣ ಅಂತ ನನ್ನ ಆಸೆ.

ಆ ಅಭ್ಯಾಸಕ್ಕೆ "ಇನ್ನೆರಡು ವರ್ಷ" ಅಂತ ಹೆಸರು. ಇನ್ನೆರಡು ವರ್ಷ ದುಡಿದರೆ ಮನೆಗೆ ತಾರಸಿ ಬೀಳುತ್ತೆ. ಆಮೇಲೆ ಎರಡು ವರ್ಷ ತಂಗಿಯ ಮದುವೆಗೆ. ಆಮೇಲೆ ಎರಡು ಮಗಳ ಕಾಲೇಜಿಗೆ. ಅಷ್ಟಾದ ಮೇಲೆ ಊರಿಗೆ ಹೋಗಿ ಆರಾಮಾಗಿರ್ತೇನೆ ಅಂತ ಹೇಳುತ್ತಲೇ ಇಪ್ಪತ್ತು ವರ್ಷ ಕಳೆದವರು ಈ ಕೋಣೆಯಲ್ಲೂ ಇದ್ದಾರೆ. ದುಡಿದದ್ದು ತಪ್ಪು ಅಂತ ಯಾರೂ ಹೇಳಲಾರರು. ಆದರೆ ಇಲ್ಲಿ ಕಳೆದ ಇಪ್ಪತ್ತು ವರ್ಷ ಬದುಕಿನ ಲೆಕ್ಕಕ್ಕೆ ಬರುತ್ತೋ ಇಲ್ಲವೋ? ನಾನು ಕೇಳಬೇಕಾದ ಪ್ರಶ್ನೆ ಇದೊಂದೇ.

ಮೊದಲು ಒಂದು ಪದ. ನಾವು ದಿನಾ ಬಳಸುವ "ಖುಷಿ" ಫಾರಸಿಯಿಂದ ಬಂದದ್ದು. ಅರಬಿ ಚಿಂತಕರು ಬಳಸಿದ್ದು ಬೇರೆ ಪದ, "ಸಆದಾ". ಪದ ಹೊಸದು ಅನ್ನಿಸಿದರೂ ಅದರ ನೆಂಟರು ನಿಮಗೆ ಗೊತ್ತು. ನಿಮ್ಮ ಕಂಪನಿಯಲ್ಲಿ ಸಯೀದ್ ಇದ್ದಾರೆ, ಮಸೂದ್ ಇದ್ದಾರೆ, ಊರಲ್ಲಿ ಸಾದಿಯಾ ಇದ್ದಾಳೆ. ಇಲ್ಲಿಯ ರಾಜಮನೆತನದ ಹೆಸರೇ ಅಲ್ ಬೂಸಯೀದ್. ಎಲ್ಲಾ ಒಂದೇ ಬೇರಿನವು. ಗ್ರೀಕರು, ಅದರಲ್ಲೂ ಅರಿಸ್ಟಾಟಲ್, ಒಳ್ಳೆಯ ಬಾಳು ಅಂತ ಏನನ್ನು ಹೇಳಿದ್ದನೋ ಅದನ್ನು ಅರಬಿಗೆ ತಂದವರು ಈ ಪದಕ್ಕೆ ಕಟ್ಟಿದರು. ಖುಷಿ ಅಂದರೆ ಈ ಹೊತ್ತಿನ ಮನಸ್ಸು. ಬಿರಿಯಾನಿ ತಿಂದರೆ ಬರುತ್ತೆ, ಬಾಸ್ ಬೈದರೆ ಹೋಗುತ್ತೆ. ಸಆದಾ ಅಂದರೆ ಬದುಕು ಒಟ್ಟಾರೆ ಹದಕ್ಕೆ ಬರೋದು. ಗದ್ದೆಯಲ್ಲಿ ಬೆಳೆ ಹದಕ್ಕೆ ಬಂದಿದೆ ಅಂತೇವಲ್ಲ, ಹಾಗೆ. ಒಂದು ದಿನದ ಮಳೆಗೋ ಬಿಸಿಲಿಗೋ ಅದನ್ನು ಅಳೆಯಲಾಗದು.

ಈ ಸಾಲಿನಲ್ಲಿ ಮೊದಲಿಗೆ ಅಲ್-ಕಿಂದಿ. ಒಂಬತ್ತನೆಯ ಶತಮಾನದವರು, ಬಗ್ದಾದಿನಲ್ಲಿ ಬಾಳಿದವರು. ಅರಬರ ತತ್ತ್ವಜ್ಞಾನಿ ಅಂತಲೇ ಅವರಿಗೆ ಹೆಸರು. ಕಿಂದಿ ಅನ್ನೋ ಕುಲದ ಹೆಸರು ಒಮಾನಿನಲ್ಲೂ ನೀವು ಕೇಳಿರ್ತೀರಿ. ದುಃಖವನ್ನು ದೂರ ಮಾಡುವ ಉಪಾಯದ ಬಗ್ಗೆ ಅವರದೊಂದು ಪುಟ್ಟ ಬರಹ ಇದೆ, ಸ್ನೇಹಿತನಿಗೆ ಬರೆದ ಓಲೆಯ ರೂಪದಲ್ಲಿ. ಅದರ ವಾದ ಸರಳ. ದುಃಖ ಎರಡು ದಾರಿಯಿಂದ ಬರುತ್ತೆ, ಪ್ರಿಯವಾದದ್ದು ಕೈತಪ್ಪಿದಾಗ ಮತ್ತು ಬಯಸಿದ್ದು ಸಿಗದೆ ಹೋದಾಗ. ಈ ಲೋಕದ ವಸ್ತುಗಳು ಹುಟ್ಟಿ ಅಳಿಯುವಂಥವು. ಅಳಿಯುವುದು ಅಳಿಯಬಾರದು ಅಂತ ಹಟ ಹಿಡಿದರೆ ಲೋಕವೇ ಬೇರೆಯಾಗಲಿ ಅಂತ ಕೇಳಿದ ಹಾಗೆ. ಬರೆದವರು ಸುಖದಲ್ಲಿ ತೇಲಿದವರೇನಲ್ಲ. ಆಸ್ಥಾನದ ಮತ್ಸರದಿಂದ ಏಟು ತಿಂದರು, ಅವರ ಇಡೀ ಗ್ರಂಥಭಂಡಾರವನ್ನೇ ಕಿತ್ತುಕೊಂಡರು, ಆಮೇಲೆ ಅದು ವಾಪಸ್ ಬಂತು ಅಂತ ಹಳೆಯ ಚರಿತ್ರೆಕಾರರು ಬರೆದಿದ್ದಾರೆ.

ಅವರು ಹೇಳುವ ಒಂದು ಕಥೆ ಕೇಳಿ. ಅಲೆಕ್ಸಾಂಡರ್ ಸಾಯುವ ಮೊದಲು ತಾಯಿಗೆ ಪತ್ರ ಬರೀತಾನೆ. ನಾನು ಸತ್ತ ಸುದ್ದಿ ಬಂದಾಗ ದೊಡ್ಡ ಔತಣಕ್ಕೆ ಜನರನ್ನು ಕರೆಯಮ್ಮ, ಆದರೆ ಯಾವತ್ತೂ ದುಃಖ ಕಾಣದವರು ಮಾತ್ರ ಬರಬೇಕು ಅಂತ ಸಾರು. ತಾಯಿ ಹಾಗೇ ಮಾಡ್ತಾಳೆ. ಒಬ್ಬನೂ ಬರೋದಿಲ್ಲ. ಯಾಕೆ ಅಂತ ಕೇಳಿದ ಮೇಲೆ ಅವಳಿಗೆ ಮಗ ಹೇಳಿದ್ದು ಅರ್ಥ ಆಗುತ್ತೆ. ನಿಮಗೆ ಈಗ ಕಿಸಾಗೋತಮಿಯ ಸಾಸಿವೆ ಕಾಳು ನೆನಪಾಗಿರಬೇಕು. ನಮ್ಮ ಕಡೆ ಶಾಲೆಯಲ್ಲಿ ಓದಿದ್ದೇವೆ, ಸಾವಿಲ್ಲದ ಮನೆಯಿಂದ ಸಾಸಿವೆ ತಾ ಅಂದ ಬುದ್ಧನ ಕಥೆ. ಯಾವ ಕಥೆ ಯಾವ ಹಡಗು ಹತ್ತಿ ಎಲ್ಲಿಗೆ ಬಂತೋ! ದುಃಖ ಬಂದಾಗ ಮನುಷ್ಯನಿಗೆ ತನಗೊಬ್ಬನಿಗೇ ಬಂತು ಅನ್ನಿಸೋದು ಎಲ್ಲ ಕಡೆ ಒಂದೇ.

ಹಡಗು ಅಂದೆ. ಕಿಂದಿಯ ಓಲೆಯಲ್ಲಿ ನಮಗೆ ಅಂತಲೇ ಬರೆದ ಹಾಗಿರುವ ಒಂದು ಹಡಗಿನ ದೃಷ್ಟಾಂತ ಇದೆ. ಮೂಲ ಗ್ರೀಕರ ಎಪಿಕ್ಟೆಟಸ್‌ನದು, ಅವನು ಗುಲಾಮನಾಗಿದ್ದವನು. ಎರಡು ಶತಮಾನದ ನಂತರ ಇಮಾಮ್ ಗಝಾಲಿಯವರೂ ಅದನ್ನು ಹೇಳಿದರು. ಒಂದು ಹಡಗು ತಾಯ್ನಾಡಿಗೆ ಹೋಗ್ತಾ ಇದೆ. ದಾರಿಯಲ್ಲಿ ಒಂದು ದ್ವೀಪದ ಬಳಿ ಲಂಗರು ಹಾಕ್ತದೆ. ಜನ ಇಳಿದು ತಮ್ಮ ತಮ್ಮ ಅಗತ್ಯ ಮುಗಿಸಿ ಬರಬೇಕು. ಕೆಲವರು ಬೇಗ ಬಂದು ವಿಶಾಲವಾದ ಜಾಗ ಹಿಡಿದು ಕೂತರು. ಕೆಲವರು ಹೂವು ನೋಡುತ್ತ, ಹಕ್ಕಿಯ ದನಿ ಕೇಳುತ್ತ ಸ್ವಲ್ಪ ಹೊತ್ತು ನಿಂತು ಬಂದರು. ಅವರಿಗೂ ಕೂರಲು ಜಾಗ ಸಿಕ್ಕಿತು. ಮೂರನೆಯವರು ಕಪ್ಪೆಚಿಪ್ಪು, ಬಣ್ಣದ ಕಲ್ಲು, ಹೂವು ಅಂತ ಹೊರಲಾರದಷ್ಟು ಹೊತ್ತು ತಂದರು. ಜಾಗ ಇಕ್ಕಟ್ಟು, ಹೊರೆ ಭಾರ, ಹೂವು ಬಾಡಿ ನಾರತೊಡಗಿತು, ಕಲ್ಲು ಎಸೆಯಲು ಮನಸ್ಸಿಲ್ಲ, ಇಡಲು ಜಾಗವಿಲ್ಲ. ಇನ್ನು ಕೆಲವರು ಕಾಡಿನೊಳಗೆ ಹೋದವರು ಬರಲೇ ಇಲ್ಲ, ಹಡಗು ಹೊರಟುಹೋಯಿತು.

ಇಲ್ಲಿಯ ಶುಕ್ರವಾರದ ಸಂತೆಯನ್ನು ನೋಡಿದವರಿಗೆ ಈ ಕಥೆಗೆ ಚಿತ್ರ ಬೇಕಾಗಿಲ್ಲ. ಯಾರೋ ಆಸೆಯಿಂದ ಕೊಂಡ ಸೋಫಾ, ಟಿ.ವಿ., ಕಪಾಟು, ಮಗುವಿನ ಸೈಕಲ್. ವೀಸಾ ಮುಗಿದು ಹೊರಟವರು ಬಿಟ್ಟುಹೋದ ಬಣ್ಣದ ಕಲ್ಲುಗಳು. ಬೇಡ ಬೇಡ ಅಂದರೂ ಕೇಳದೆ ನಾವು ಕಟ್ಟುವ ಕಾರ್ಗೋ ಪೆಟ್ಟಿಗೆಯೂ ನೆನಪಾಗುತ್ತೆ. ಕಂಬಳಿ, ಟ್ಯಾಂಗ್, ನಿಡೋ ಡಬ್ಬಿ, ಟೈಗರ್ ಬಾಮ್. ಈಗ ಇದೆಲ್ಲ ಊರಿನ ಅಂಗಡಿಯಲ್ಲೇ ಸಿಗುತ್ತೆ. ಆದರೂ ಕಟ್ತೇವೆ.

ಈ ದೃಷ್ಟಾಂತವನ್ನು ಸಾಮಾನ್ಯವಾಗಿ ದುರಾಸೆಯ ಪಾಠ ಅಂತ ಓದ್ತಾರೆ. ಸರಿಯೇ. ಆದರೆ ನನ್ನ ಕಣ್ಣು ಎರಡನೆಯ ಗುಂಪಿನ ಮೇಲೆ. ಹೂವು ನೋಡಿದವರು. ಅವರು ಹೊರೆ ಹೊರಲಿಲ್ಲ, ಹಾಗಂತ ಕಣ್ಣು ಮುಚ್ಚಿಕೊಂಡೂ ಇರಲಿಲ್ಲ. ನಮ್ಮಲ್ಲಿ ಬಹಳ ಜನ ಈ ದ್ವೀಪದಲ್ಲಿ ಇಪ್ಪತ್ತು ವರ್ಷ ಇದ್ದು ಮತ್ರಾದ ಕಡಲ ದಂಡೆಯಲ್ಲಿ ಒಂದು ಸಂಜೆ ಸುಮ್ಮನೆ ಕೂತಿಲ್ಲ. ಯಾಕೆ ಕೇಳಿದರೆ, ಇದು ನಮ್ಮ ಊರಲ್ಲವಲ್ಲ ಮಾರಾಯ್ರೇ ಅಂತಾರೆ. ಕಿಂದಿಯ ಲೆಕ್ಕದಲ್ಲಿ ಯಾವ ಊರೂ ನಮ್ಮದಲ್ಲ. ಮಂಗಳೂರಿನ ಮನೆಯೂ ದ್ವೀಪವೇ, ರಾಯಚೂರಿನ ಹೊಲವೂ ದ್ವೀಪವೇ. ಊರಿಗೆ ಮುಟ್ಟಿದ ಮೇಲೆ ಸಂತೋಷ ಶುರು ಅಂತ ಕಾಯುವವನು ಹಡಗು ಯಾವುದು, ದ್ವೀಪ ಯಾವುದು ಅನ್ನೋದನ್ನೇ ಅದಲು ಬದಲು ಮಾಡಿಕೊಂಡಿದ್ದಾನೆ ಅಂತ ನನಗೆ ಅನ್ನಿಸುತ್ತೆ.

ಇದಕ್ಕೆ ಇವತ್ತಿನ ಮನಃಶಾಸ್ತ್ರ ಏನು ಹೇಳುತ್ತೆ? 1971ರಲ್ಲಿ ಬ್ರಿಕ್‌ಮನ್ ಮತ್ತು ಕ್ಯಾಂಬೆಲ್ ಅನ್ನುವವರು ಒಂದು ಹೋಲಿಕೆ ಕೊಟ್ಟರು: ಟ್ರೆಡ್‌ಮಿಲ್. ಎಷ್ಟು ಓಡಿದರೂ ಇದ್ದಲ್ಲೇ. ಸಂಬಳ ಏರುತ್ತೆ, ಆಸೆಯೂ ಅದರ ಜೊತೆ ಏರುತ್ತೆ. 1978ರಲ್ಲಿ ಬ್ರಿಕ್‌ಮನ್ ತಂಡ 22 ಮಂದಿ ಲಾಟರಿ ಗೆದ್ದವರನ್ನು ಮಾತಾಡಿಸಿತು. ಗೆಲ್ಲದ ನೆರೆಹೊರೆಯವರಿಗಿಂತ ಅವರೇನೂ ಹೆಚ್ಚು ಸಂತೋಷವಾಗಿರಲಿಲ್ಲ. ಸ್ನೇಹಿತರ ಜೊತೆ ಹರಟೆ, ಬೆಳಗಿನ ತಿಂಡಿ, ಇಂಥ ಸಣ್ಣ ಸಂಗತಿಯಲ್ಲಿ ಅವರಿಗೆ ಸಿಗುವ ರುಚಿ ಕಡಿಮೆಯಾಗಿತ್ತು. ಅಪಘಾತದಲ್ಲಿ ಕೈಕಾಲಿನ ಶಕ್ತಿ ಕಳಕೊಂಡ 29 ಮಂದಿಯನ್ನೂ ಕೇಳಿದರು. ಅವರು ಉಳಿದವರಷ್ಟು ಸಂತೋಷವಾಗಿರಲಿಲ್ಲ, ಆದರೆ ಜನ ಊಹಿಸುವಷ್ಟು ಕುಗ್ಗಿಯೂ ಇರಲಿಲ್ಲ. ಸಣ್ಣ ಅಧ್ಯಯನ, ಅದರ ಮೇಲೆ ಮನೆ ಕಟ್ಟಲಾಗದು. ಆದರೂ ಡ್ಯೂಟಿ ಫ್ರೀ ರಾಫೆಲ್ ಟಿಕೆಟ್ಟಿಗೆ ಐದು ಜನ ಸೇರಿ ಚಂದಾ ಎತ್ತುವ ರೂಮಿನವರು ಇದನ್ನು ಒಮ್ಮೆ ಕೇಳಿಸಿಕೊಳ್ಳಲಿ.

ಹಾಗಾದರೆ ದುಡ್ಡಿನಿಂದ ಸಂತೋಷ ಬರೋದಿಲ್ಲ ಅಂತಲೇ? ಈ ಮಾತನ್ನು ದುಡ್ಡಿದ್ದವರು ಬಹಳ ಚೆನ್ನಾಗಿ ಹೇಳ್ತಾರೆ. 2010ರಲ್ಲಿ ಡೇನಿಯಲ್ ಕಾನ್‌ಮನ್ ಮತ್ತು ಆಂಗಸ್ ಡೀಟನ್, ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 75 ಸಾವಿರ ಡಾಲರ್ ಆದಾಯದ ಮೇಲೆ ದಿನದಿನದ ಸಂತೋಷ ಏರೋದಿಲ್ಲ ಅಂದರು. ಇಬ್ಬರೂ ನೊಬೆಲ್ ಪುರಸ್ಕೃತರು. 2023ರಲ್ಲಿ ಅದೇ ಕಾನ್‌ಮನ್, ತಮ್ಮನ್ನು ವಿರೋಧಿಸಿದ ಕಿಲ್ಲಿಂಗ್ಸ್‌ವರ್ತ್ ಜೊತೆ ಕೂತು ಮತ್ತೆ ಲೆಕ್ಕ ಹಾಕಿದರು. ಹೆಚ್ಚಿನವರಿಗೆ ಆದಾಯದ ಜೊತೆ ಸಂತೋಷ ಏರುತ್ತಲೇ ಹೋಗುತ್ತೆ, ಮೊದಲೇ ಕುಗ್ಗಿರುವ ಒಂದು ಗುಂಪಿಗೆ ಮಾತ್ರ ಒಂದು ಮಟ್ಟದ ಮೇಲೆ ಅದು ನಿಲ್ಲುತ್ತೆ ಅಂತ ಬಂತು. ಯಾವ ಲೆಕ್ಕ ಹಿಡಿದರೂ 120 ರಿಯಾಲಿನ ಸಂಬಳ 180 ಆದರೆ ಮನುಷ್ಯನಿಗೆ ನಿದ್ದೆ ಚೆನ್ನಾಗಿ ಬರುತ್ತೆ. ಅದಕ್ಕೆ ನಾಚಿಕೆ ಪಡಬೇಕಾಗಿಲ್ಲ.

ಈ ಮಾತು ಯಾಕೆ ಎತ್ತಿದೆ ಅಂದರೆ, ಪಾಸಿಟಿವ್ ಸೈಕಾಲಜಿ ಅನ್ನೋದು ಈಗ ಕಂಪನಿಗಳ ಕೈಗೂ ಸಿಕ್ಕಿದೆ. ಇದಕ್ಕೆ ಚಾಲನೆ ಕೊಟ್ಟವರು ಮಾರ್ಟಿನ್ ಸೆಲಿಗ್‌ಮನ್, 1998ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರ ಸಂಘದ ಅಧ್ಯಕ್ಷರಾಗಿದ್ದಾಗ. ನಾವು ಬರೇ ರೋಗವನ್ನು ನೋಡ್ತಾ ಇದ್ದೇವೆ, ಮನುಷ್ಯ ಚೆನ್ನಾಗಿ ಬಾಳೋದು ಹೇಗೆ ಅಂತಲೂ ನೋಡೋಣ ಅಂದರು. ಒಳ್ಳೆಯ ಮಾತು. 2011ರಲ್ಲಿ ಬಂದ ಅವರ ಪುಸ್ತಕದಲ್ಲಿ ಐದು ಅಂಗ ಹೇಳಿದರು: ಹಿತವಾದ ಭಾವನೆ, ಕೆಲಸದಲ್ಲಿ ತಲ್ಲೀನತೆ, ಸಂಬಂಧ, ಬಾಳಿಗೊಂದು ಅರ್ಥ, ಸಾಧನೆ. ಆದರೆ ಮೂರು ತಿಂಗಳ ಸಂಬಳ ಬಾಕಿ ಇಟ್ಟುಕೊಂಡು, ಕೃತಜ್ಞತೆಯ ಡೈರಿ ಬರೀರಿ ಅಂತ ಹೇಳುವವರ ಬಾಯಲ್ಲಿ ಈ ಒಳ್ಳೆಯ ಮಾತೇ ಹಳಸಿ ಹೋಗುತ್ತೆ. ನಮ್ಮವರೂ ಕಮ್ಮಿ ಇಲ್ಲ. ಸಬರ್ ಮಾಡು ಅಂತಾರೆ, ಹಣೆಬರಹ ಅಂತಾರೆ, ಕರ್ಮ ಅಂತಾರೆ. ಇನ್ನೊಬ್ಬನ ಅನ್ಯಾಯ ಮುಚ್ಚೋದಕ್ಕೆ ದೇವರ ಹೆಸರು.

ಇಲ್ಲಿ ನನಗೆ ಅಲ್-ಫಾರಾಬಿ ನೆನಪಾಗ್ತಾರೆ. ಮಧ್ಯ ಏಷ್ಯಾದ ಕಡೆಯಿಂದ ಬಂದು, ಬಗ್ದಾದಿನಲ್ಲಿ ಬಾಳಿ, 950ರಲ್ಲಿ ಡಮಾಸ್ಕಸ್ಸಿನಲ್ಲಿ ತೀರಿಕೊಂಡವರು. ಅಂದರೆ ನಮ್ಮ ಹಾಗೆ ಪರವೂರಿನವರೇ. ಅಲೆಪ್ಪೋದ ದೊರೆ ಏನು ಬೇಕಾದರೂ ಕೊಡ್ತೇನೆ ಅಂದಾಗ ದಿನಕ್ಕೆ 4 ದಿರ್ಹಮ್ ಸಾಕು ಅಂದರಂತೆ. (ನಮ್ಮ ಕಂಪನಿಗಳು ಈ ಕಥೆ ಓದದಿರಲಿ!) ಅಷ್ಟು ಕಡಿಮೆಯಲ್ಲಿ ಬದುಕಿದ ಅದೇ ಮನುಷ್ಯ, ಸಂತೋಷ ಒಬ್ಬಂಟಿಗೆ ಸಿಗುವ ವಸ್ತು ಅಂತ ಬರೀಲಿಲ್ಲ. ಒಳ್ಳೆಯ ನಗರದ ಬಗ್ಗೆ ಅವರ ಹೆಸರಾಂತ ಪುಸ್ತಕದಲ್ಲಿ, ಮನುಷ್ಯನಿಗೆ ಬೇಕಾದ್ದೆಲ್ಲ ಒಬ್ಬನೇ ಮಾಡಿಕೊಳ್ಳಲಾರ, ನಿಜವಾದ ಸಆದಾಕ್ಕೆ ಬೇಕಾದ ವಿಷಯಗಳಲ್ಲಿ ಜನ ಒಬ್ಬರಿಗೊಬ್ಬರು ನೆರವಾಗುವ ನಗರವೇ ಒಳ್ಳೆಯ ನಗರ ಅಂದರು. ಆರೋಗ್ಯವಂತ ದೇಹದ ಅಂಗಾಂಗಗಳ ಹಾಗೆ ಅದು. ಬರೇ ದುಡ್ಡು ಕೂಡಿಡೋದೇ ಗುರಿಯಾದ ನಗರ, ಬರೇ ಭೋಗವೇ ಗುರಿಯಾದ ನಗರ, ಇವೆಲ್ಲ ಅವರ ಪಟ್ಟಿಯಲ್ಲಿ ಅಜ್ಞಾನದ ನಗರಗಳು. ಒಮಾನಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರ ತನಕ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅಂತ ನಿಯಮ ಇದೆ. ಸೈಟಿನಲ್ಲಿ ಕಂಬಿ ಕಟ್ಟುವವನಿಗೆ ಆ ಮೂರು ಗಂಟೆಯ ನೆರಳನ್ನು ಯಾವ ಧ್ಯಾನವೂ ಕೊಡಲಾರದು. ನಗರ ಕೊಡಬೇಕು. ಮನಸ್ಸಿನೊಳಗೆ ಮಾಡಬೇಕಾದ ಕೆಲಸ ಬೇರೆ, ನಗರ ಮಾಡಬೇಕಾದ ಕೆಲಸ ಬೇರೆ, ಒಂದರ ಬದಲಿಗೆ ಇನ್ನೊಂದು ನಡೆಯೋದಿಲ್ಲ.

ಇನ್ನು ಮಿಸ್ಕವೈಹಿ. ಈ ಹೆಸರು ಕಡಿಮೆ ಕೇಳಿರ್ತೀರಿ. ಪರ್ಶಿಯಾದವರು, 1030ರಲ್ಲಿ ತೀರಿಕೊಂಡರು. ಕೆಲಸದಲ್ಲಿ ಮಂತ್ರಿಗಳ ಹತ್ತಿರ ಗ್ರಂಥಪಾಲಕ, ಕಾರ್ಯದರ್ಶಿ. ದಿನಾ ಬಾಸ್‌ನ ಮುಖ ನೋಡಿ ಬದುಕಿದ ನೌಕರ ಅನ್ನಿ. ಅವರು ಹೇಳುವುದು, ಮನುಷ್ಯನಿಗೆ ಅರಬಿಯಲ್ಲಿ "ಇನ್ಸಾನ್" ಅಂತ ಹೆಸರು ಬಂದದ್ದು "ಉನ್ಸ್" ಅನ್ನೋ ಪದದಿಂದ. ಉನ್ಸ್ ಅಂದರೆ ಜೊತೆಗಿರುವ ಹಿತ, ಒಡನಾಟದ ಬಿಸುಪು. ಐದು ಹೊತ್ತು ಓಣಿಯವರು ಒಟ್ಟಿಗೆ ನಮಾಜ್ ಮಾಡೋದು, ವಾರಕ್ಕೊಮ್ಮೆ ಇಡೀ ಊರು ಸೇರೋದು, ವರ್ಷಕ್ಕೆರಡು ಸಲ ಸುತ್ತಲಿನ ಹಳ್ಳಿಗಳ ಜೊತೆ ಹಬ್ಬ, ಬದುಕಿನಲ್ಲೊಮ್ಮೆ ಹಜ್. ಇವೆಲ್ಲ ಆ ಉನ್ಸ್ ಒಣಗದ ಹಾಗೆ ಮಾಡಿದ ಏರ್ಪಾಡು ಅಂತ ಅವರ ವಿವರಣೆ. ಗುಹೆಯಲ್ಲಿ ಒಬ್ಬನೇ ಕೂತವನಿಗೆ ಒಳ್ಳೆಯವನಾಗುವ ಅವಕಾಶವೇ ಇಲ್ಲ, ಯಾರಿಗೆ ನ್ಯಾಯ ಮಾಡ್ತಾನೆ, ಯಾರಿಗೆ ಕೊಡ್ತಾನೆ ಅಂತ ಕೇಳುವ ಜಾತಿಯ ಮನುಷ್ಯ.

ಹಾರ್ವರ್ಡಿನಲ್ಲಿ 1938ರಲ್ಲಿ ಒಂದು ಅಧ್ಯಯನ ಶುರುವಾಯಿತು. 268 ಮಂದಿ ಕಾಲೇಜು ಹುಡುಗರು, ಆಮೇಲೆ ಸೇರಿಸಿಕೊಂಡ ಬಾಸ್ಟನ್ನಿನ ಬಡ ಕೇರಿಗಳ 456 ಹುಡುಗರು, ಒಟ್ಟು 724. ಅವರನ್ನು ಮುಪ್ಪಿನ ತನಕ ಹಿಂಬಾಲಿಸಿದರು. ಅವರಲ್ಲಿ ಜಾನ್ ಕೆನಡಿಯೂ ಒಬ್ಬ. ಮುಪ್ಪಿನಲ್ಲಿ ಯಾರು ಆರೋಗ್ಯವಾಗಿ, ನೆಮ್ಮದಿಯಾಗಿ ಇರ್ತಾರೆ ಅಂತ ನೋಡಿದಾಗ ಎದ್ದು ಕಂಡದ್ದು ಸಂಬಂಧಗಳು. ಎಷ್ಟು ಜನ ಗೊತ್ತು ಅನ್ನೋದಕ್ಕಿಂತ, ಕಷ್ಟಕ್ಕೆ ಆಗುವವರು ಇದ್ದಾರೆ ಅನ್ನೋ ಭರವಸೆ. ಎಂಟು ಜನರ ರೂಮಿನಲ್ಲಿದ್ದೂ ಒಂಟಿಯಾಗಿರಬಹುದು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಂಟೂ ಮಂದಿ ಎಂಟು ಮೊಬೈಲು ನೋಡ್ತಾ ಮಲಗಿರ್ತೇವೆ. ಪಕ್ಕದ ಮಂಚದವನ ಅಪ್ಪನಿಗೆ ಆಪರೇಷನ್ ಆದದ್ದು ತಿಂಗಳ ಮೇಲೆ ಗೊತ್ತಾಗುತ್ತೆ.

ಇಲ್ಲೊಂದು ಎಚ್ಚರ. ಗಝಾಲಿ ಹೇಳಿದ್ದನ್ನೇ ಈಗ ವಿಜ್ಞಾನ ಸಾಬೀತು ಮಾಡಿದೆ ಅಂತ ಯೂಟ್ಯೂಬಿನಲ್ಲಿ ಬಹಳ ಭಾಷಣ ಸಿಗುತ್ತೆ. ನಾನು ಒಪ್ಪೋದಿಲ್ಲ. ಸೆಲಿಗ್‌ಮನ್ ಅಳೆಯೋದು ಪ್ರಶ್ನಾವಳಿಯಿಂದ, ಈ ಬದುಕಿನ ಒಳಗೆ. ಗಝಾಲಿಗೆ ಕೊನೆಯ ಸಂತೋಷ ಅಂದರೆ ದೇವರನ್ನು ಅರಿಯೋದು, ಅದು ತುಂಬುವುದು ಪರಲೋಕದಲ್ಲಿ. ಫಾರಾಬಿಗೆ ಬುದ್ಧಿ ಅದರ ಶಿಖರಕ್ಕೆ ಏರೋದು. ಫಾರಾಬಿಯಂಥವರನ್ನು ಗಝಾಲಿ ಒಂದು ಇಡೀ ಪುಸ್ತಕ ಬರೆದು ಖಂಡಿಸಿದ್ದೂ ಉಂಟು. ಇವರನ್ನೆಲ್ಲ ಒಂದೇ ಪಾತ್ರೆಗೆ ಹಾಕಿ ಕದಡಿದರೆ ಯಾರ ರುಚಿಯೂ ಉಳಿಯೋದಿಲ್ಲ. ಆದರೆ ದಾರಿಯ ಒಂದಷ್ಟು ದೂರ ಅವರು ಒಟ್ಟಿಗೆ ನಡೀತಾರೆ. ಅಷ್ಟು ದೂರ ನಮಗೆ ಸಾಕು.

ಕೆಲಸದ ಬಗ್ಗೆ ಒಂದು ಮಾತು. ಮಿಹಾಯ್ ಚಿಕ್ಸೆಂಟ್‌ಮಿಹಾಯ್ ಅಂತ ಒಬ್ಬ ಹಂಗೇರಿ ಮೂಲದವರು, ಹೆಸರು ಹೇಳೋದೇ ಒಂದು ಸಾಧನೆ. ಕೆಲಸದಲ್ಲಿ ಮುಳುಗಿ ಹೊತ್ತು ಹೋದದ್ದೇ ತಿಳಿಯದ ಸ್ಥಿತಿಗೆ ಅವರು "ಫ್ಲೋ" ಅಂದರು. 1990ರ ಅವರ ಪುಸ್ತಕದಲ್ಲಿ ಷಿಕಾಗೋದ ಒಬ್ಬ ವೆಲ್ಡರ್ ಬರ್ತಾನೆ, ಅವನನ್ನು ಜೋ ಅಂತ ಕರೀತಾರೆ. ರೈಲು ಬೋಗಿ ಜೋಡಿಸುವ ಕಾರ್ಖಾನೆ, ಬೇಸಿಗೆಯಲ್ಲಿ ಕುಲುಮೆ, ಚಳಿಗಾಲದಲ್ಲಿ ಮಂಜು. ಓದಿದ್ದು ನಾಲ್ಕನೆಯ ಕ್ಲಾಸು. ಕಾರ್ಖಾನೆಯ ಯಾವ ಯಂತ್ರ ಕೆಟ್ಟರೂ ಜೋನೇ ಬೇಕು. ಫೋರ್‌ಮನ್ ಮಾಡ್ತೇವೆ ಅಂದರೆ ಬೇಡ ಅಂದ. ಮನೆಯ ಹಿಂದೆ ತೋಟ ಮಾಡಿ, ನೀರಿನ ಸಣ್ಣ ತುಂತುರಿನಲ್ಲಿ ಕಾಮನಬಿಲ್ಲು ಕಾಣುವ ಹಾಗೆ ತಾನೇ ಸ್ಪ್ರಿಂಕ್ಲರ್ ಮಾಡಿಕೊಂಡ, ರಾತ್ರಿಯೂ ಕಾಣಲಿ ಅಂತ ದೀಪ ಹಾಕಿದ. ಇಲ್ಲಿಯ ಗ್ಯಾರೇಜುಗಳ ಸಾಲಿನಲ್ಲಿ ಇಂಥ ಜೋಗಳನ್ನು ನಾನು ಕಂಡಿದ್ದೇನೆ. ಎಂಜಿನ್ ಸದ್ದು ಕೇಳಿಯೇ ರೋಗ ಹೇಳುವ ಮೆಕ್ಯಾನಿಕ್, ಪ್ಲೈವುಡ್ಡಿನಲ್ಲಿ ಅರಬಿ ಕಮಾನು ಕೊರೆಯುವ ಬಡಗಿ. ಅವರಿಗೆ ಸಂತೋಷದ ಭಾಷಣ ಬೇಡ, ಸರಿಯಾದ ಕೂಲಿ ಕೊಟ್ಟರೆ ಸಾಕು.

ಕೊನೆಯದಾಗಿ, ಯಾವ ಉಪಾಯವೂ ನಡೆಯದ ದುಃಖದ ಬಗ್ಗೆ. ಅದನ್ನು ಹೇಳದೆ ಹೋಗಲಾರೆ, ಯಾಕೆಂದರೆ ನಮ್ಮ ನಡುವೆ ಅದು ಇದೆ, ನಾವು ಅದಕ್ಕೆ ಹೆಸರಿಡೋದಿಲ್ಲ. ಊಟ ಸೇರ್ತಾ ಇಲ್ಲ, ನಿದ್ದೆ ಇಲ್ಲ, ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗ್ತೇವೆ. 1095ರಲ್ಲಿ ಬಗ್ದಾದಿನ ನಿಝಾಮಿಯ್ಯಾದ ಅತಿ ದೊಡ್ಡ ಪ್ರಾಧ್ಯಾಪಕ ಗಝಾಲಿಗೆ ಇದೇ ಆಯಿತು. ಪಾಠ ಮಾಡಲು ನಿಂತರೆ ನಾಲಗೆ ಏಳಲಿಲ್ಲ. ಒಂದು ಗುಟುಕು, ಒಂದು ತುತ್ತು ಒಳಗೆ ಇಳಿಯಲಿಲ್ಲ. ವೈದ್ಯರು, ಇದು ಮನಸ್ಸಿನಲ್ಲಿ ಹುಟ್ಟಿ ದೇಹಕ್ಕೆ ಇಳಿದದ್ದು ಅಂದರು. ಅವರು ಕುಟುಂಬಕ್ಕೆ ವ್ಯವಸ್ಥೆ ಮಾಡಿ, ಹುದ್ದೆ ಬಿಟ್ಟು ಡಮಾಸ್ಕಸ್, ಜೆರುಸಲೇಮ್, ಮೆಕ್ಕಾ ಕಡೆ ಹೋದರು. ಹನ್ನೊಂದು ವರ್ಷದ ಮೇಲೆ ಮತ್ತೆ ಪಾಠಕ್ಕೆ ಬಂದರು. ಇದನ್ನೆಲ್ಲ ಮುಚ್ಚಿಡದೆ ತಾವೇ ಬರೆದರು. "ಸಂತೋಷದ ರಸವಿದ್ಯೆ" ಅನ್ನೋ ಅರ್ಥದ ಹೆಸರಿನ ಫಾರಸಿ ಗ್ರಂಥ ಈ ಕುಸಿತದ ನಂತರದ್ದು.

ಅವರಿಗಿಂತ ಮೊದಲೇ, 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್-ಬಲ್ಖಿ, ದೇಹಕ್ಕೆ ಒಂದು ಭಾಗ, ಮನಸ್ಸಿಗೆ ಒಂದು ಭಾಗ ಅಂತ ವೈದ್ಯಗ್ರಂಥ ಬರೆದರು. ಕಾರಣ ಗೊತ್ತಿರುವ ದುಃಖ ಬೇರೆ, ಕಾರಣವೇ ಗೊತ್ತಿಲ್ಲದೆ ಕವಿಯುವ ದುಃಖ ಬೇರೆ ಅಂದರು. ಎರಡನೆಯದಕ್ಕೆ ಬೇರು ದೇಹದಲ್ಲಿದೆ, ಅದಕ್ಕೆ ದೇಹದ ಚಿಕಿತ್ಸೆಯೂ ಬೇಕು ಅಂದರು. ಅವರು ಹೇಳಿದ ರಕ್ತಶುದ್ಧಿಯ ಔಷಧ ಈಗ ಬೇಡ. ಆದರೆ ಸಾವಿರ ವರ್ಷದ ಹಿಂದಿನ ಆಲಿಮ್ ಒಬ್ಬರು ವೈದ್ಯರ ಹತ್ತಿರ ಹೋಗು ಅಂದಿದ್ದಾರೆ, ನಾವು ಈಗಲೂ ತಾಯಿತ ಹುಡುಕ್ತೇವೆ. ಬಲ್ಖಿಯ ಇನ್ನೊಂದು ಸಲಹೆ ಮನೆಯ ಔಷಧಿ ಡಬ್ಬಿಯ ಹಾಗೆ. ಮನಸ್ಸು ಸಮಾಧಾನವಾಗಿರುವಾಗಲೇ ಧೈರ್ಯ ಕೊಡುವ ವಿಚಾರಗಳನ್ನು ಯೋಚಿಸಿ ಇಟ್ಟುಕೋ, ದುಃಖ ಬಂದಾಗ ತೆಗೆದು ಬಳಸು. ಕುಸಿದ ಹೊತ್ತಿನಲ್ಲಿ ಹೊಸದಾಗಿ ಹುಡುಕಲು ಆಗೋದಿಲ್ಲ ಅಂತ ಅವರಿಗೆ ಗೊತ್ತಿತ್ತು.

ನಮ್ಮ ಡಬ್ಬಿಯಲ್ಲಿ ಏನೇನು ಇಡಬಹುದು? ರೂಮಿನಲ್ಲಿ ಯಾರಿಗೆ ಹೇಳಿಕೊಳ್ಳಬಹುದು ಅನ್ನೋ ಒಂದು ಹೆಸರು. ರಜೆಯ ದಿನದ ಒಂದು ಸಂಜೆ, ಸಾಮಾನು ಕೊಳ್ಳೋದಕ್ಕಲ್ಲದೆ ಹೊರಗೆ ಹೋಗೋದಕ್ಕೆ. ಊರಿನಲ್ಲಿರುವ ಹೆಂಡತಿಗೋ ತಾಯಿಗೋ ಒಂದು ನಂಬರ್: 14416. ಭಾರತ ಸರ್ಕಾರದ ಟೆಲಿ ಮಾನಸ್, 2022ರ ಅಕ್ಟೋಬರಿನಿಂದ ಇದೆ, ಬೆಂಗಳೂರಿನ ನಿಮ್ಹಾನ್ಸ್ ಅದರ ಹಿಂದಿದೆ, ಕನ್ನಡದಲ್ಲಿ ಮಾತಾಡಬಹುದು, ಖರ್ಚಿಲ್ಲ. ನಾವು ಇಲ್ಲಿ ಕುಗ್ಗುವ ಹಾಗೆ ಅವರೂ ಅಲ್ಲಿ ಕುಗ್ತಾರೆ, ನಮಗೆ ಬೇಜಾರಾಗಬಾರದು ಅಂತ ಹೇಳೋದಿಲ್ಲ ಅಷ್ಟೇ. ಇವತ್ತು ರಾತ್ರಿ ಫೋನ್ ಮಾಡಿದಾಗ, ದುಡ್ಡು ಮುಟ್ಟಿತಾ ಅಂತ ಕೇಳಿದ ಮೇಲೆ, ನೀನು ಹೇಗಿದ್ದೀ ಅಂತಲೂ ಕೇಳಿ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿರಿ.

ಪ್ರಶ್ನೆ ಇದ್ದವರು ಕೇಳಬಹುದು. ಹಿಂದೆ ಸುಲೈಮಾನಿ ಬಂದಿದೆ, ಆರುವ ಮುಂಚೆ ಕುಡೀರಿ.